ನಿಮ್ಮೂರಿಗೆ ಹೋಗು ಎಂದವರ ನಡುವೆ

ಗುಂಡ್ಲುಪೇಟೆಯಲ್ಲಿ ಬ್ರೆಡ್ಡು ಎಂದರೆ ಕಾಯಿಲೆಯವರ ತಿಂಡಿ. ಗಟ್ಟಿಮುಟ್ಟಾಗಿರುವವನು ಮುದ್ದೆ ಉಣ್ಣುತ್ತಾನೆ. ಮನೆಯಲ್ಲಿ ಯಾರಾದರೂ ಜ್ವರ ಬಂದು ಮಲಗಿದರೆ ಮಾತ್ರ ಜನ ನನ್ನ ಅಂಗಡಿಯ ಕಡೆ ತಿರುಗುತ್ತಿದ್ದರು. ಹಾಗಾಗಿ ಯಾವ ಬೀದಿಯಲ್ಲಿ ಯಾರು ಮಲಗಿದ್ದಾರೆ ಎನ್ನುವುದು ಡಾಕ್ಟರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಬ್ರೆಡ್ಡು ಕಟ್ಟಿಕೊಡುತ್ತಾ ‘ಹೇಗಿದ್ದಾರೆ’ ಎಂದು ಕೇಳುತ್ತಿದ್ದೆ. ಅದೇ ಊರು, ನಾನು ಮಲಗಿದಾಗ, ಹೇಗಿದ್ದೀಯ ಎಂದು ಕೇಳಲಿಲ್ಲ. ಯಾವಾಗ ಹೋಗುತ್ತೀಯ ಎಂದು ಕೇಳಿತು.

ಇದನ್ನು ಸಮಾಧಾನದಿಂದ ಬರೆಯಬೇಕೆಂದು ಕೂತು ನೋಡಿದೆ, ಆಗಲಿಲ್ಲ. ಈಗ ಕೋಪದಲ್ಲೇ ಬರೆಯುತ್ತಿದ್ದೇನೆ. ಕ್ಷಯ ಬಂದವನಿಗೆ ಸುತ್ತಲಿನವರು ಸಮಾಧಾನ ಹೇಳುತ್ತಾರೆ, ದೇವರ ಹೆಸರು ಹೇಳುತ್ತಾರೆ. ನಿನಗೆ ಕೋಪ ಬರುವುದು ಸರಿಯಾಗಿಯೇ ಇದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ನನ್ನ ಹೆಸರು ಕುಂಞಿರಾಮ. ತಲಶ್ಶೇರಿ ಕಡೆಯವನು. ಅಲ್ಲಿ ಒಬ್ಬರ ಬೇಕರಿಯಲ್ಲಿ ಕೆಲಸ ಕಲಿತು, ಬತ್ತೇರಿ ದಾರಿಯಲ್ಲಿ ಮರದ ಲಾರಿ ಹತ್ತಿ, ಬಂಡೀಪುರದ ಕಾಡು ದಾಟಿ ಗುಂಡ್ಲುಪೇಟೆಗೆ ಬಂದೆ. ಅಲ್ಲಿ ಬೇಕರಿ ಇರಲಿಲ್ಲ, ಅದಕ್ಕೇ ಬಂದೆ. ಮಹದೇವಪ್ಪ ಎಂಬ ದವಸದ ವ್ಯಾಪಾರಿಯ ಮನೆಯ ಹಿಂದೆ ಒಂದು ಉದ್ದನೆಯ ಕೋಣೆ ಬಾಡಿಗೆಗೆ ಸಿಕ್ಕಿತು. ಒಲೆಯನ್ನು ನಾನೇ ಕಟ್ಟಿದೆ. ಮದುವೆಯಾಗಿ ಜಾನಕಿಯನ್ನು ಕರೆತಂದೆ. ಮಗಳು ಶಾರದೆ ಅದೇ ಕೋಣೆಯ ಪಕ್ಕದಲ್ಲಿ ಹುಟ್ಟಿದಳು. ಊರವರಿಗೆ ನನ್ನ ಹೆಸರು ನಾಲಿಗೆಗೆ ಹತ್ತಲಿಲ್ಲ. ಸಾಮಾನು ಬೇಕಾದಾಗ ‘ರಾಮಣ್ಣ’ ಎನ್ನುತ್ತಿದ್ದರು, ಬೇಡವಾದಾಗ ‘ಮಲೆಯಾಳದೋನು’.

ಸ್ವಂತ ಕೆಲಸ ಎಂದು ನನಗೆ ಹೆಮ್ಮೆಯಿತ್ತು. ಕಾಯಿಲೆ ಬಂದ ಮೇಲೆ ಅದರ ಇನ್ನೊಂದು ಮುಖ ಕಂಡಿತು. ನನಗೆ ರಜೆ ಕೊಡುವವನಿಲ್ಲ, ನನ್ನ ಬದಲು ನಿಲ್ಲುವವನಿಲ್ಲ. ಒಲೆ ಹತ್ತಿದರೆ ಮನೆಯಲ್ಲಿ ಅನ್ನ, ಹತ್ತದಿದ್ದರೆ ಇಲ್ಲ. ಅದಕ್ಕೇ ಕೆಮ್ಮನ್ನು ಅಷ್ಟು ದಿನ ಮೈದಾ ಹಿಟ್ಟಿನ ದೂಳು ಎಂದುಕೊಂಡೆ. ಸಂಜೆಯ ಜ್ವರವನ್ನು ಒಲೆಯ ಕಾವು ಎಂದುಕೊಂಡೆ. ಜಾನಕಿ ನನ್ನ ಅಂಗಿಯನ್ನು ಹಿಂಡಿ ತೋರಿಸಿ, “ಇದು ಒಲೆಯ ಬೆವರಲ್ಲ” ಎಂದಳು. ನಾನು ಅವಳ ಮೇಲೇ ರೇಗಿದೆ. ಒಂದು ಬೆಳಗ್ಗೆ ಹಿಟ್ಟು ನಾದುತ್ತಿರುವಾಗ ಕೆಮ್ಮು ಬಂತು, ಮುಖ ತಿರುಗಿಸಿಕೊಂಡೆ, ತೋಳಿನ ಮೇಲೆ ರಕ್ತ ಬಿತ್ತು. ಆ ದಿನದ ಹಿಟ್ಟನ್ನೆಲ್ಲ ಹಿತ್ತಲಲ್ಲಿ ಗುಂಡಿ ತೋಡಿ ಹೂತೆವು.

ಗುಂಡ್ಲುಪೇಟೆಯಲ್ಲಿ ತೋರಿಸಿದರೆ ಊರಿಗೆಲ್ಲ ತಿಳಿಯುತ್ತದೆಂದು ಚಾಮರಾಜನಗರಕ್ಕೆ ಹೋದೆ. ಅಲ್ಲಿನ ಒಬ್ಬ ಡಾಕ್ಟರ ಹತ್ತಿರ ಎದೆಯೊಳಗನ್ನು ನೋಡುವ ಯಂತ್ರವಿತ್ತು. ಕತ್ತಲೆಯ ಕೋಣೆಯಲ್ಲಿ ನಿಲ್ಲಿಸಿ ನೋಡಿ, ಹೊರಗೆ ಕೂತಿರು ಎಂದರು. ಬೆಂಚಿನ ತುಂಬ ಜನ. ನನ್ನ ಪಕ್ಕದಲ್ಲಿ ಒಬ್ಬ ತಾಯಿ ಮಗುವಿಗೆ ಕಡಲೆಪುರಿ ತಿನ್ನಿಸುತ್ತಿದ್ದಳು. ಆ ಮಗು ನನ್ನ ಕೈಗೂ ಒಂದಿಷ್ಟು ಪುರಿ ಹಾಕಿತು. ಅಷ್ಟರಲ್ಲಿ ಡಾಕ್ಟರು ಅರ್ಧ ಬಾಗಿಲಿನ ಮೇಲಿಂದ ತಲೆ ಹಾಕಿ ಕೂಗಿದರು.

“ಯಾರಯ್ಯ ಗುಂಡ್ಲುಪೇಟೆ ಬ್ರೆಡ್ಡಿನವನು? ಟೀಬಿ ಕಣಯ್ಯ ನಿಂಗೆ. ಎಡಗಡೆ ತೂತಾಗಿದೆ. ಇನ್ಮೇಲೆ ತಿನ್ನೋ ಪದಾರ್ಥ ಮುಟ್ಟಬೇಡ.”

ತಾಯಿ ಮಗುವನ್ನು ಎತ್ತಿಕೊಂಡು ಎದ್ದಳು. ಬೆಂಚು ಖಾಲಿಯಾಯಿತು. ಪುರಿ ಕೈಯಲ್ಲೇ ಉಳಿಯಿತು. ನನ್ನ ಎದೆಯ ಸುದ್ದಿಯನ್ನು ನನಗಿಂತ ಮೊದಲು ಅಷ್ಟು ಜನಕ್ಕೆ ಹೇಳುವ ಹಕ್ಕು ಆತನಿಗೆ ಯಾರು ಕೊಟ್ಟಿದ್ದರು? ಆ ಪ್ರಶ್ನೆಯನ್ನು ಅಲ್ಲೇ ಕೇಳಬೇಕಿತ್ತು. ಕೈಮುಗಿದು ಬಂದೆ. ಅಂದು ಮುಗಿದ ಕೈಗಳ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಬೆಂಚಿನ ಮೇಲೆ ನಮ್ಮೂರಿನವರೂ ಇದ್ದರೆಂದು ತೋರುತ್ತದೆ. ನಾನು ಬಂದ ಬಸ್ಸಿನಲ್ಲೇ ಸುದ್ದಿಯೂ ಬಂತು, ನನಗಿಂತ ಮುಂದಿನ ಸೀಟಿನಲ್ಲಿ ಕೂತು.

ಮನೆಗೆ ಬಂದರೆ ಒಲೆಯ ಕೋಣೆಗೆ ಬೀಗ. ಮಹದೇವಪ್ಪ ಜಗಲಿಯ ಮೇಲೆ ಕೂತಿದ್ದ. ಹಣೆಗೆ ವಿಭೂತಿ ಹಚ್ಚದೆ ಹೊರಗೆ ಬಾರದ ಮನುಷ್ಯ. ನನ್ನ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಬೆಲ್ಲ ಕೊಡುತ್ತಿದ್ದವನು. ಈಗ ಅಂಗಳದಲ್ಲೇ ನಿಲ್ಲು ಎಂದು ಕೈ ತೋರಿಸಿದ.

“ರಾಮಣ್ಣ, ಬೇಜಾರ್ ಮಾಡ್ಕಬೇಡ ಕಣಪ್ಪ. ನಮ್ಮನೇಲಿ ಮಕ್ಕಳು ಮರಿ ಅವೆ. ನಿಮ್ಮೂರ್ಗೆ ಓಗ್ಬುಡು.”

“ಒಳಗೆ ನಾದಿಟ್ಟ ಹಿಟ್ಟಿದೆ ಯಜಮಾನರೇ. ಜಾನಕಿ ನಾದಿದ್ದು, ನಾನು ಮುಟ್ಟಿಲ್ಲ. ನಮ್ಮ ಹಾಸಿಗೆ, ಪಾತ್ರೆ ಎಲ್ಲ ಒಳಗಿದೆ.”

“ಪಾತ್ರೆ ಕೊಡುಸ್ತೀನಿ. ಹಿಟ್ಟು ಹಂಗೇ ಇರ್ಲಿ ಬುಡು. ಅದುನ್ನ ಇನ್ಯಾರು ತಿಂದಾರು?”

ಜಾನಕಿ ಮಗಳನ್ನು ಸೊಂಟಕ್ಕೇರಿಸಿಕೊಂಡು ಮುಂದೆ ಬಂದಳು. ಅವಳ ಕನ್ನಡ ಆಗ ಮುರುಕು ಮುರುಕಾಗಿತ್ತು. “ನಿಮ್ಮ ಅಮ್ಮಂಗೆ ಜ್ವರ ಬಂತು. ಎಷ್ಟು ದಿನ ಬ್ರೆಡ್ಡು ಕೊಟ್ಟೆ ನಾನು? ಆವಾಗ ನಮ್ಮೂರು ಎಲ್ಲಿತ್ತು?”

ಮಹದೇವಪ್ಪ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮಾರನೆಯ ದಿನ ಪಾತ್ರೆ ತೆಗೆದುಕೊಳ್ಳಲು ಬೀಗ ತೆಗೆದಾಗ ಹಿಟ್ಟು ಉಬ್ಬಿ ನಾದುವ ಮರದ ತೊಟ್ಟಿಯಿಂದ ಹೊರಗೆ ಸುರಿದು ನೆಲದ ಮೇಲೆ ಹುಳಿತು ನಾರುತ್ತಿತ್ತು. ಜಾನಕಿ ಅದನ್ನು ಬಾಚಿ ಎತ್ತಲಿಲ್ಲ. “ಅವನೇ ಬಳೀಲಿ” ಎಂದಳು. ಕಾಯಿಲೆಯ ಆ ಮೊದಲ ದಿನಗಳಲ್ಲಿ ನನಗೆ ಸ್ವಲ್ಪವಾದರೂ ಸಂತೋಷ ಕೊಟ್ಟ ಮಾತು ಅದೊಂದೇ.

ಊರಿಗೆ ಹೋಗು ಎಂದರಲ್ಲ, ಕಾಯಿಲೆಯ ವಿಷಯ ತಿಳಿಸಿ ಅಣ್ಣನಿಗೆ ತಂತಿ ಕೊಟ್ಟು ಹೋದೆವು. ತಲಶ್ಶೇರಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗಲೇ ನನ್ನ ಅಣ್ಣ ಕೊಡೆ ಹಿಡಿದು ನಿಂತಿದ್ದ. ಕರೆದುಕೊಂಡು ಹೋಗಲು ಬಂದನೆಂದು ಕೈ ಬೀಸಿದೆ. ಅವನು ಹತ್ತಿರ ಬರಲಿಲ್ಲ. ತಂಗಿಗೆ ಸಂಬಂಧ ಗೊತ್ತಾಗಿದೆ, ಮನೆಯಲ್ಲಿ ಕ್ಷಯದವನಿದ್ದಾನೆ ಎಂದು ತಿಳಿದರೆ ಮದುವೆ ಮುರಿಯುತ್ತದೆ, ಜಾನಕಿಯೂ ಮಗುವೂ ಬೇಕಾದರೆ ಬರಲಿ, ನೀನು ಮಾತ್ರ ಬೇಡ ಎಂದ. ಬಾಳೆಲೆಯಲ್ಲಿ ಅಮ್ಮ ಕಟ್ಟಿಕೊಟ್ಟ ಅನ್ನವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದ.

“ಅಮ್ಮ ನೋಡಬೇಕು ಅನ್ನಲಿಲ್ಲವಾ?” ಎಂದು ಕೇಳಿದೆ.

“ಅಮ್ಮನಿಗೆ ನೀನು ಬಂದದ್ದು ಹೇಳಿಲ್ಲ. ಅನ್ನ ನನಗೆಂದು ಕಟ್ಟಿಸಿಕೊಂಡು ಬಂದೆ” ಎಂದ.

ಜಾನಕಿ ಆ ಅನ್ನವನ್ನು ಮುಟ್ಟಲೂ ಬಿಡಲಿಲ್ಲ. “ಇಲ್ಲಿ ನಿಮ್ಮ ಜೊತೆ ಇರುವುದಕ್ಕಿಂತ ಕನ್ನಡದವರ ಬೀದಿಯಲ್ಲಿ ಗಂಡನ ಜೊತೆ ಇರುತ್ತೇನೆ” ಎಂದು ಅಣ್ಣನ ಮುಖಕ್ಕೇ ಹೇಳಿ, ವಾಪಸು ಹೊರಡುವ ಬಸ್ಸು ಯಾವುದೆಂದು ವಿಚಾರಿಸಲು ಹೋದಳು. ನಾನು ಮಗಳಿಂದ ಮಾರು ದೂರದಲ್ಲಿ ನಿಂತು ಅತ್ತೆ. ದುಃಖಕ್ಕಲ್ಲ. ಮನುಷ್ಯನಿಗೆ ಸಿಟ್ಟು ಮಿತಿಮೀರಿದಾಗಲೂ ಕಣ್ಣೀರೇ ಬರುತ್ತದೆ, ಬೇರೆ ಏನೂ ಬರುವುದಿಲ್ಲ.

ಗುಂಡ್ಲುಪೇಟೆಯಲ್ಲಿ ನಮಗೆ ಸೂರು ಕೊಟ್ಟವರು ಸಯ್ಯದ್ ಸಾಹೇಬರು. ತಗಡಿನ ಕೆಲಸದವರು; ನನ್ನ ಬ್ರೆಡ್ಡಿನ ಅಚ್ಚುಗಳನ್ನೆಲ್ಲ ಮಾಡಿಕೊಟ್ಟವರು. ನನಗಿಂತ ಹಿರಿಯರು, ಮಾತು ಕಡಿಮೆ, ಸದಾ ಏನನ್ನಾದರೂ ಬಡಿಯುತ್ತಿರುವವರು. ನಾವು ಬಸ್ಸಿಳಿದು ಗಂಟುಮೂಟೆಯ ಜೊತೆ ನಿಂತದ್ದನ್ನು ನೋಡಿ ಸುತ್ತಿಗೆ ಕೆಳಗಿಟ್ಟು ಬಂದರು.

“ಹಿಂದ್ಗಡೆ ಶೆಡ್ಡು ಖಾಲಿ ಅದೆ ತಮ್ಮ. ಬೇಸಿಗೇಲಿ ಕಾಯ್ತದೆ, ಮಳೇಲಿ ಸದ್ದು ಮಾಡ್ತದೆ. ಅಷ್ಟೇ ತೊಂದ್ರೆ. ಬಾ.”

“ಸಾಹೇಬರೇ, ನನಗೆ ಬಂದಿರೋದು ಏನು ಅಂತ ಗೊತ್ತಾ?”

“ಊರ್ಗೆಲ್ಲಾ ಗೊತ್ತದೆ, ನಂಗೊಬ್ಬಂಗೆ ಗೊತ್ತಿರಕಿಲ್ವಾ? ನಡಿ.”

ಕ್ಷಯದ ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋದವರೂ ಅವರೇ. ಅದು ದೂರದಲ್ಲಿತ್ತು. ಅದರ ಹೆಸರು ಹೇಳುವುದಿಲ್ಲ. ಅವಮಾನವಾದದ್ದೂ ಅಲ್ಲೇ, ಪ್ರಾಣ ಉಳಿದದ್ದೂ ಅಲ್ಲೇ. ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತ ಗುಮಾಸ್ತ ಹುಟ್ಟೂರು ಕೇಳಿದ. ಹೇಳಿದೆ.

“ಅಂದರೆ ಮಲಬಾರು. ಮದರಾಸು ರಾಜ್ಯ. ಇಲ್ಲಿ ನಮ್ಮವರಿಗೇ ಹಾಸಿಗೆ ಇಲ್ಲ. ನಿಮ್ಮ ಕಡೆ ಆಸ್ಪತ್ರೆಗೆ ಹೋಗಿ.”

“ಸ್ವಾಮಿ, ನಾನು ಗುಂಡ್ಲುಪೇಟೆಯಲ್ಲಿ ಅಂಗಡಿ ಇಟ್ಟಿದ್ದೇನೆ. ಪುರಸಭೆಯವರು ಕಂದಾಯ ಕೇಳುವಾಗ ಯಾವ ರಾಜ್ಯ ಅಂತ ಕೇಳುವುದಿಲ್ಲ.”

“ವಾದ ಬೇಡ. ಜೊತೆಗೆ ಯಾರು ಬಂದಿರೋದು?”

“ನಾನು. ಅಣ್ಣ” ಎಂದರು ಸಯ್ಯದ್ ಸಾಹೇಬರು.

ಗುಮಾಸ್ತ ಅವರ ಟೋಪಿಯನ್ನೂ ಗಡ್ಡವನ್ನೂ ನೋಡಿದ. “ತಮ್ಮನ ಹೆಸರು ರಾಮ ಅಂತಿದೆಯಲ್ರೀ?”

“ಹೆಸ್ರು ಅವರಪ್ಪ ಇಟ್ಟವ್ರೆ. ಅದುಕ್ಕೆ ನಾನೇನ್ ಮಾಡ್ಲಿ? ತಮ್ಮನೇ.”

ಕಿಟಕಿ ಮುಚ್ಚಿತು. ನಾವು ಹೋಗಲಿಲ್ಲ. ಜಾನಕಿ ಗೇಟಿನ ಮುಂದೆ ಸೀರೆಯ ಸೆರಗು ಹಾಸಿ ಮಗಳನ್ನು ಮಲಗಿಸಿದಳು. ವಾಹನ ಬಂದರೆ ಏಳಬೇಕಾಗುವಂಥ ಜಾಗದಲ್ಲೇ ಕೂತಳು. ಕಾವಲುಗಾರ ಬೈದ, ಬೇಡಿಕೊಂಡ. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಡಾಕ್ಟರ ಕಾರು ಬಂದು ನಿಂತಿತು. ಬಿಳಿ ಕೂದಲಿನ ಆ ಮನುಷ್ಯ ಇಳಿದು, ನನ್ನನ್ನು ಕೆಮ್ಮು ಎಂದರು. ಕೆಮ್ಮಿದೆ. ನನ್ನ ಊರನ್ನು ಕೇಳಲಿಲ್ಲ. “ವರಾಂಡದಲ್ಲಿ ಹಾಕಿ” ಎಂದರು, ಅಷ್ಟೆ. ಅವರಿಗೆ ಕೈಮುಗಿಯಲು ಹೋದಾಗ ಹೊರಟುಹೋಗಿದ್ದರು.

ಆ ವರಾಂಡದಲ್ಲಿ ನನ್ನ ಪಕ್ಕದ ಮಂಚದವನು ಹಂಗಳದ ಶಿವಮಲ್ಲು. ಕಾಡಂಚಿನ ಹೊಲದ ರೈತರ ಮಗ, ಮೀಸೆ ಆಗಷ್ಟೇ ದಟ್ಟವಾಗುತ್ತಿದ್ದ ಯುವಕ. ನಮಗಿಬ್ಬರಿಗೂ ಸ್ಟ್ರೆಪ್ಟೋಮೈಸಿನ್ ಸೂಜಿ, ಹೊಟ್ಟೆ ತೊಳಸುವ ಪುಡಿ, ಕೆಟ್ಟ ಶ್ವಾಸಕೋಶಕ್ಕೆ ವಿಶ್ರಾಂತಿ ಸಿಗಲೆಂದು ಎದೆಗೆ ಗಾಳಿ ತುಂಬುವ ದಪ್ಪ ಸೂಜಿ. ಗಾಳಿ ತುಂಬಿದ ದಿನ ಇಬ್ಬರೂ ಅಂಗಾತ ಮಲಗಿ ಮಾತಾಡುತ್ತಿದ್ದೆವು. ಅವನು ಆನೆಗಳ ಸುದ್ದಿ ಹೇಳುತ್ತಿದ್ದ. ಗೋಪಾಲಸ್ವಾಮಿ ಬೆಟ್ಟದಿಂದ ಇಳಿದು ಬಂದು ಜೋಳದ ಹೊಲದಲ್ಲಿ ಹೇಗೆ ನಿಲ್ಲುತ್ತವೆ ಎಂದು. ನಾನು ಸಮುದ್ರದ ಸುದ್ದಿ ಹೇಳುತ್ತಿದ್ದೆ. ಅವನು ನಂಬುತ್ತಿರಲಿಲ್ಲ.

ನಮ್ಮ ಸಾಲಿನಲ್ಲಿ ಒಬ್ಬ ಮೇಷ್ಟ್ರು ಇದ್ದರು. ಅವರಿಗೆ ರಜೆ ಇತ್ತು, ಕೆಲಸ ಕಾದಿತ್ತು. ವಾಸಿಯಾದ ಮೇಲೆ ಎಲ್ಲಿಗೆ ಹೋಗಬೇಕೆಂದು ಅವರಿಗೆ ಗೊತ್ತಿತ್ತು. ಅವರ ಮೇಲೆ ನನಗೆ ವಿನಾಕಾರಣ ಕೋಪ. ಅವರು ‘ಚಿಂತೆ ಮಾಡಬಾರದು ಕಣ್ರೀ, ಚಿಂತೆಯೇ ಈ ರೋಗಕ್ಕೆ ಆಹಾರ’ ಎಂದಾಗಲೆಲ್ಲ ತಲೆದಿಂಬು ಎಸೆಯಬೇಕೆನಿಸುತ್ತಿತ್ತು.

ಶಿವಮಲ್ಲುವನ್ನು ನೋಡಲು ಮೊದಮೊದಲು ಅವನ ಅಪ್ಪ ಬರುತ್ತಿದ್ದ. ವರಾಂಡದ ಕೆಳಗೆ, ಮೆಟ್ಟಿಲಿನ ಆಚೆ, ಬಾಯಿಗೆ ಟವೆಲು ಕಟ್ಟಿಕೊಂಡು ನಿಲ್ಲುತ್ತಿದ್ದ. ಬರುಬರುತ್ತ ನಿಂತುಹೋದ. ಜಾನಕಿಯೋ, ತಿಂಗಳಿಗೊಮ್ಮೆಯಾದರೂ ಸಾಹೇಬರ ಜೊತೆ ಬಂದು ನನ್ನನ್ನೂ ಅವನನ್ನೂ ಒಟ್ಟಿಗೆ ವಿಚಾರಿಸಿಕೊಂಡು ಹೋಗುತ್ತಿದ್ದಳು. ಅವಳು ಹೋದ ಮೇಲೆ ಒಂದು ದಿನ ಅವನೆಂದ:

“ನೀನು ಪರದೇಶಿ ಅಂತಿದ್ದೆ ರಾಮಣ್ಣ. ನಮ್ಮೂರು ನೋಡುದ್ರೆ ಇದೇ ಸೀಮೇಲಿ ಅದೆ. ನಾನೂ ಪರದೇಶಿ ಆಗ್ಬುಟ್ಟೆ ಕಣ.”

ಈ ರೋಗದ ಬಗ್ಗೆ ನಾನು ಕೇಳಿದ ಮಾತುಗಳಲ್ಲೆಲ್ಲ ನಿಜವಾದದ್ದು ಅದು. ಗಡಿ ದಾಟಿ ಬಂದದ್ದಕ್ಕೆ ನನ್ನನ್ನು ಹೊರಗಿನವನೆಂದರು ಎಂದುಕೊಂಡಿದ್ದೆ. ಅವನು ಯಾವ ಗಡಿಯನ್ನೂ ದಾಟಿರಲಿಲ್ಲ.

ಒಂದು ದಿನ ಅಪ್ಪ ಮತ್ತೆ ಬಂದ, ಎತ್ತಿನ ಗಾಡಿಯ ಸಮೇತ. ಮಗ ಮೈ ತುಂಬಿಕೊಂಡಿದ್ದ. “ಚೆಂದಾಗವ್ನೆ. ಬಿತ್ತನೆ ಕಾಲ. ಕರ್ಕಂಡೋಯ್ತೀನಿ” ಎಂದ. ಡಾಕ್ಟರು ಬೈದರು, ಅರ್ಧಕ್ಕೆ ಬಿಟ್ಟರೆ ಸಾಯುತ್ತಾನೆ ಎಂದರು. ಬೆಟ್ಟದ ಗೋಪಾಲಸ್ವಾಮಿಗೆ ಮುಡಿಪು ಕಟ್ಟಿದ್ದೀನಿ, ಅವನೇ ನೋಡಿಕೊಳ್ಳುತ್ತಾನೆ ಎಂದ ಅಪ್ಪ. ಶಿವಮಲ್ಲು ಹೊರಡುವಾಗ ನನ್ನ ಮುಖ ನೋಡಲಿಲ್ಲ. ಹೋಗಬೇಡ ಎಂದು ಕೂಗಲು ನೋಡಿದೆ. ಎದೆಯಲ್ಲಿ ಗಾಳಿ ತುಂಬಿದ್ದರಿಂದ ಸದ್ದೇ ಹೊರಡಲಿಲ್ಲ.

ನಾನು ವಾಸಿಯಾಗಿ ಬಂದಾಗ ಎಡಗಿವಿ ಕೇಳಿಸುತ್ತಿರಲಿಲ್ಲ. ಸೂಜಿಯ ಮದ್ದು ಎದೆಯನ್ನು ಉಳಿಸಿ ಕಿವಿಯನ್ನು ತೆಗೆದುಕೊಂಡಿತ್ತು. ಶಾರದೆ ನನ್ನನ್ನು ನೋಡಿ ಜಾನಕಿಯ ಸೆರಗಿನ ಹಿಂದೆ ಅಡಗಿದಳು. ಅಪ್ಪನ ಹತ್ತಿರ ಹೋಗಬೇಡ ಎಂದು ಅಷ್ಟು ಕಾಲ ಹೇಳಿಸಿಕೊಂಡ ಮಗು, ಈಗ ಹೋಗು ಎಂದರೆ ಹೇಗೆ ಹೋಗುತ್ತದೆ?

ಆದರೆ ಶೆಡ್ಡಿನಿಂದ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಸಾಹೇಬರು ಒಂದು ದೊಡ್ಡ ಡ್ರಮ್ಮನ್ನು ಕೊಯ್ದು, ಒಳಗೆ ತಗಡಿನ ಅಂತಸ್ತು ಹಾಕಿ, ಮಣ್ಣು ಮೆತ್ತಿ ಒಲೆ ಮಾಡಿಕೊಟ್ಟಿದ್ದರು. ಜಾನಕಿ ಬನ್ನು ಸುಟ್ಟು ಬುಟ್ಟಿಯಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಳು. ಊಟಿಗೆ ಹೋಗುವವರು, ಮೈಸೂರಿಗೆ ಹೋಗುವವರು ಕೊಳ್ಳುತ್ತಿದ್ದರು. ಊರವರು ಬುಟ್ಟಿಯಿಂದ ದೂರ ಸರಿದು ನಡೆಯುತ್ತಿದ್ದರು. ಹೀಗೆಂದು ಅವಳು ಆಸ್ಪತ್ರೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ನಾನೂ ಅವಳ ಜೊತೆ ಸೇರಿದೆ. ಡಾಕ್ಟರು ಕೆಲಸ ಮಾಡಬಹುದು ಎಂದಿದ್ದರು, ಕಫ ಶುದ್ಧವಾಗಿದೆ ಎಂದಿದ್ದರು. ಊರಿನಲ್ಲಿ ಅದನ್ನು ಕೇಳಿಸಿಕೊಳ್ಳುವ ಕಿವಿ ಯಾರಿಗೂ ಇರಲಿಲ್ಲ. ಮಹದೇವಪ್ಪ ಎದುರಾದರೆ ಬೀದಿಯ ಆ ಬದಿಗೆ ದಾಟುತ್ತಿದ್ದ. ಅವನು ಒಂದು ದಿನ ಬಂದು ತಪ್ಪಾಯಿತು ಎಂದು ಹೇಳಬಹುದೆಂದು ಬಹಳ ಕಾಲ ಕಾದೆ. ಬರಲಿಲ್ಲ.

ಬೇರೆ ಊರು ನೋಡಿಕೊಳ್ಳಿ, ಚಾಮರಾಜನಗರಕ್ಕಾದರೂ ಹೋಗಿ ಎಂದು ಒಳ್ಳೆಯ ಮನಸ್ಸಿನಿಂದ ಹೇಳಿದವರಿದ್ದರು. ಹೋಗಲಿಲ್ಲ. ಹಟಕ್ಕೆ ಉಳಿದೆ. ಆಮೇಲೆ ರಾಜ್ಯಗಳ ಗೆರೆ ಬದಲಾಯಿತು. ಮದರಾಸಿನವನಾಗಿದ್ದ ನಾನು ಡ್ರಮ್ಮಿನ ಒಲೆಯ ಮುಂದೆ ಕೂತಲ್ಲೇ ಕೇರಳದವನಾದೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ಬೆಳಗ್ಗೆ ಒಬ್ಬ ಹೆಂಗಸು ಬುಟ್ಟಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಮೆತ್ತನೆಯ ಬ್ರೆಡ್ಡು ಕೇಳಿದಳು. ಯಾರಿಗೆ ಹುಷಾರಿಲ್ಲ ಎಂದೆ. ಅತ್ತಿತ್ತ ನೋಡಿದಳು.

“ನಮ್ಮ ಶಿವಮಲ್ಲುಂಗೆ. ನಾನು ಅವನಕ್ಕ. ಹೊಲದ ಗುಡ್ಲಲ್ಲಿ ಮಡಗವ್ರೆ. ಅನ್ನದ ತಟ್ಟೇನ ಕೋಲಲ್ಲಿ ತಳ್ತಾರೆ ಕಣಣ್ಣ. ಮುದ್ದೆ ನುಂಗಕ್ಕಾಗಲ್ಲ ಅಂವಂಗೆ.”

ನಾನು ಬುಟ್ಟಿಯನ್ನು ಜಾನಕಿಗೆ ಕೊಟ್ಟು ಆ ಅಕ್ಕನ ಜೊತೆಗೇ ಹಂಗಳದ ಬಸ್ಸು ಹತ್ತಿದೆ.

ಗುಡಿಸಲು ಆನೆ ಕಾಯಲು ಕಟ್ಟಿದ್ದು. ಶಿವಮಲ್ಲು ಗೋಣಿಚೀಲದ ಮೇಲೆ ಮಲಗಿದ್ದ. ಮೂಳೆಗಳು ಎಣಿಸುವಂತಿದ್ದವು. ನನ್ನನ್ನು ನೋಡಿ, “ಬರಬ್ಯಾಡ ರಾಮಣ್ಣ, ನಿಂಗೆ ವಾಸಿಯಾಯ್ತಲ್ಲ” ಎಂದ. ಅವನು ಆ ಸ್ಥಿತಿಯಲ್ಲೂ ನನ್ನ ಎದೆಯ ಚಿಂತೆ ಮಾಡಿದ. ಹೊರಗೆ ಅವನ ಅಪ್ಪ ಬಂದು ನಿಂತಿದ್ದ.

“ಯಾರ್ಲಾ ನೀನು? ನಮ್ಮ ಮನೆ ಇಚಾರ ನಿಂಗ್ಯಾಕೆ? ನಿಮ್ಮೂರ್ಗೆ ಓಗು!”

ಅಲ್ಲಿಯವರೆಗೆ ಯಾರಿಗೂ ಹೇಳದೆ ನುಂಗಿದ್ದೆಲ್ಲ ಆಗ ಹೊರಗೆ ಬಂತು. ಕನ್ನಡದಲ್ಲಿ ಬೈದೆ, ಸಾಲದಾದಾಗ ಮಲೆಯಾಳದಲ್ಲಿ ಬೈದೆ. ಮಗನನ್ನು ಹೊಲದಲ್ಲಿ ಹೂಳುವುದಕ್ಕೆ ಅವನು ಸಾಯುವವರೆಗಾದರೂ ಕಾಯಬಾರದಿತ್ತೇ ಎಂದು ಕೇಳಿದೆ. ಸುತ್ತಲ ಹೊಲದವರು ಓಡಿ ಬಂದರು. ಅಪ್ಪ ಕೈಯೆತ್ತಿದ. ಅಕ್ಕ ಮಧ್ಯೆ ಬಂದು ನಿಂತಳು. “ಒಡಿ ಅಪ್ಪ, ನಂಗೊಡಿ. ಅಂವನ್ನ ಮಾತ್ರ ಕಳ್ಸು” ಎಂದಳು. ಮುದುಕನ ಕೈ ಕೆಳಗಿಳಿಯಿತು. ಒಪ್ಪಿಕೊಂಡನೆಂದಲ್ಲ, ಮಗಳು ಎದುರು ಮಾತಾಡಿದ್ದನ್ನು ಅವನು ಕೇಳಿದ್ದು ಅದೇ ಮೊದಲಿರಬೇಕು.

ಶಿವಮಲ್ಲುವನ್ನು ಬೆನ್ನ ಮೇಲೆ ಹೊತ್ತು ಅಕ್ಕನ ಜೊತೆ ರಸ್ತೆಗೆ ಬಂದೆ. ಹಗುರವಾಗಿದ್ದ. ಊಟಿ ಕಡೆಯಿಂದ ಬಸ್ಸು ಬಂದು ನಿಂತಿತು. ಕಂಡಕ್ಟರು ನೋಡಿದ ಕೂಡಲೇ ಸೀಟಿ ಊದಿ, ರೈಟ್ ಎಂದ. ನಾನು ಶಿವಮಲ್ಲುವನ್ನು ಅಕ್ಕನ ಮಡಿಲಿಗೆ ಇಳಿಸಿ ಬಸ್ಸಿನ ಮುಂದೆ ಹೋಗಿ ನಿಂತೆ.

“ಸಾಯ್ತೀಯೇನ್ಲಾ? ಸರ್ಕೊ!” ಎಂದು ಕಂಡಕ್ಟರು ಕೂಗಿದ.

“ಸರಿಯುವುದಿಲ್ಲ. ಹತ್ತಿಸಿಕೊಂಡರೆ ಸರಿಯುತ್ತೇನೆ.”

“ಜನ ಇಳ್ದೋಯ್ತಾರೆ ಕಣಯ್ಯ!”

“ಇಳಿಯಲಿ. ಅವರಿಗೆ ಕಾಲಿದೆ.”

ಡ್ರೈವರು ಇಂಜಿನ್ನಿನ ಸದ್ದು ಏರಿಸಿದ. ನಾನು ಕದಲಲಿಲ್ಲ. ಒಳಗೆ ಗಲಾಟೆ ಎದ್ದಿತು. ಕೆಲವರು ಇಳಿದೇಬಿಟ್ಟರು. ಕೊನೆಯ ಸೀಟಿನಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಅಜ್ಜಿ ಮಾತ್ರ ಬುಟ್ಟಿಯನ್ನು ಕಾಲ ಹತ್ತಿರ ಎಳೆದುಕೊಂಡು, “ನಂಗೆ ಒತ್ತಾಯ್ತದೆ. ಅತ್ತುಸ್ಕೊ ಕಣ್ಲಾ ಆ ಮಗೀನ” ಎಂದು ಕಂಡಕ್ಟರಿಗೆ ಕೂಗಿದಳು. ಅವನು ಬಾಗಿಲು ತೆಗೆದ. ದಾರಿಯುದ್ದಕ್ಕೂ ಕಿಟಕಿಯಿಂದ ಮುಖ ಹೊರಗೆ ಹಾಕಿಕೊಂಡೇ ನಿಂತಿದ್ದ.

ಆಸ್ಪತ್ರೆಯಲ್ಲಿ ಶಿವಮಲ್ಲು ಈ ಸಲ ನನಗಿಂತ ಹೆಚ್ಚು ಕಾಲ ಇದ್ದ. ತೂತಾದ ಶ್ವಾಸಕೋಶ ಕುಗ್ಗಿ ಮಾಯಲೆಂದು ಒಂದು ಕಡೆಯ ಪಕ್ಕೆಲುಬುಗಳನ್ನು ತೆಗೆದರು. ಈಗ ಆ ಭುಜ ಇಳಿದಿದೆ, ನಡೆಯುವಾಗ ಒಂದು ಪಕ್ಕಕ್ಕೆ ವಾಲುತ್ತಾನೆ. ಆದರೂ ಹೊಲ ಉಳುತ್ತಾನೆ. ಕಳೆದ ವರ್ಷ ಮದುವೆಯಾದ. ಮದುವೆಗೆ ಬನ್ನು ನಮ್ಮ ಒಲೆಯಿಂದಲೇ ಹೋಯಿತು, ಜನ ತಿಂದರು. ಚಪ್ಪರದಲ್ಲಿ ಅವನ ಅಪ್ಪ ನನ್ನ ಮುಂದೆ ಎಲೆ ಹಾಕಿ, ಉಣ್ಣಪ್ಪ ಎಂದ. ನಾನು ಎಲೆ ಎತ್ತಿಕೊಂಡು ಹೋಗಿ ಅಕ್ಕನ ಪಂಕ್ತಿಯಲ್ಲಿ ಕೂತೆ. ಆ ಮುದುಕನ ಜೊತೆ ನಾನು ಇವತ್ತಿಗೂ ಮಾತಾಡುವುದಿಲ್ಲ.